ಮತದಾರರ ಪಟ್ಟಿ ಬಂತು. ನಮ್ಮ ಬಿಎಲ್‌ಒ ಟೀಚರಿಗೊಂದು ನಮಸ್ಕಾರ

ಅಂತಿಮ ಮತದಾರರ ಪಟ್ಟಿ ಪ್ರಕಟವಾಗಿದೆ. ಹಾಸನದ ಹಾಸ್ಟೆಲುಗಳಿಂದ ಸಕಲೇಶಪುರದ ತೋಟದ ಲೈನ್ ಮನೆಗಳವರೆಗೆ 18 ತುಂಬಿದವರ ಹೆಸರು ಸೇರಿಸಲು ಎಷ್ಟು ಓಡಾಟವಾಯಿತೆಂದು ನಿಮಗೆಲ್ಲ ಗೊತ್ತೇ ಇದೆ. ರೀಲ್ಸ್ ಎಡಿಟ್ ಮಾಡಿದವರು, ಸ್ಟೇಟಸ್ ಹಾಕಿದವರು, ಬೋನಫೈಡ್ ಪತ್ರಕ್ಕೆ ತಡಮಾಡದೆ ಸಹಿ ಹಾಕಿದ ಪ್ರಿನ್ಸಿಪಾಲರು, ಪೋಸ್ಟರ್ ಬಿಟ್ಟಿ ಪ್ರಿಂಟ್ ಹಾಕಿಕೊಟ್ಟ ಜೆರಾಕ್ಸ್ ಅಂಗಡಿಯಣ್ಣ, ಎಲ್ಲರಿಗೂ ಕೈಮುಗಿದು ಧನ್ಯವಾದ.

ಮಿಕ್ಕ ಮಾತೆಲ್ಲ ನಮ್ಮ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಟೀಚರಿಗೆ. ಬೆಳಗ್ಗೆ ಅಂಗನವಾಡಿ, ಸಂಜೆ ಮನೆಮನೆ ಸುತ್ತಾಟ, ರಾತ್ರಿ ನಮ್ಮ ವಾಟ್ಸಾಪ್ ಗ್ರೂಪು. ರೀಲ್ಸ್ ನೋಡಿದವರು ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಕೆಳಗೆ ಕೇಳಿದ ಅನುಮಾನಕ್ಕೆ ಅವತ್ತೇ ಉತ್ತರ ಸಿಕ್ಕಿದರೆ ಮಾತ್ರ ಅರ್ಜಿ ತುಂಬುತ್ತಾರೆ. ಆ ಉತ್ತರ ಕೊಟ್ಟವರು ಅವರು.

‘ಕಡೂರಿನವಳು, ಹಾಸನದ ಹಾಸ್ಟೆಲಿನಲ್ಲಿದ್ದೀನಿ, ಎಲ್ಲಿ ಹಾಕಲಿ ಮಿಸ್?’ ಎರಡರಲ್ಲಿ ಒಂದೇ ಕಡೆ. ಲೋಕಸಭೆಗೆ ಎರಡೂ ಹಾಸನ ಕ್ಷೇತ್ರವೇ, ವಿಧಾನಸಭೆಗೆ ಬೇರೆ ಬೇರೆ. ಊರಲ್ಲಿ ಆಗಲೇ ಹೆಸರಿದ್ದರೆ ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6 ಮತ್ತೆ ತುಂಬಬೇಡಿ, ಎರಡು ಕಡೆ ಬಿದ್ದು ತೊಂದರೆಯಾಗುತ್ತದೆ. ವಿಳಾಸ ಬದಲಿಗೆ ಫಾರ್ಮ್ 8. ಇಂಗ್ಲಿಷಿನಲ್ಲಿ ಹೆಸರು ಹೊಡೆದರೆ ಕನ್ನಡದ ಖಾನೆ ತಾನೇ ತುಂಬಿಕೊಂಡು ಲೋಹಿತ್ ‘ಲೊಹಿತ್’ ಆಗಿಬಿಡುತ್ತಾನೆ, ಸಬ್ಮಿಟ್ ಒತ್ತುವ ಮುಂಚೆ ಓದಿ. ರೆಫರೆನ್ಸ್ ನಂಬರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕ್ಯೂಆರ್ ಕೋಡ್ ಗೋಡೆಯ ಪೋಸ್ಟರಿಗೆ ಸರಿ. ಸ್ಟೇಟಸ್ಸಿಗೆ ಬಂದದ್ದನ್ನು ಅದೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡೋದು ಹೆಂಗಪ್ಪಾ? ಇದನ್ನು ಕೇಳಿದವರೂ ಅವರೇ.

ಆ ಒಂದು ರಾತ್ರಿಯದನ್ನು ಹೇಳಲೇಬೇಕು. ‘ಇವರು ಪಾರ್ಟಿಯವರು, ಲಿಂಕ್ ಒತ್ತಿದರೆ ಆಧಾರೂ ಹೋಗುತ್ತೆ, ದುಡ್ಡೂ ಹೋಗುತ್ತೆ’ ಅನ್ನುವ ಫಾರ್ವರ್ಡ್ ಊರೆಲ್ಲ ಸುತ್ತಿತು. ಗ್ರೂಪಿನಿಂದ ಒಬ್ಬೊಬ್ಬರೇ ಲೆಫ್ಟ್. ಮನೆಯವರ ಬೈಗುಳ ಬೇರೆ. ಯಾರಿಗೆ ಬೇಕಿತ್ತು ಈ ಉಸಾಬರಿ ಅಂತ ಅಳು ಬಂದಿತ್ತು, ಮುಚ್ಚುಮರೆ ಏನಿಲ್ಲ. ಟೀಚರ್ ವಾದಕ್ಕಿಳಿಯಲಿಲ್ಲ. ಅದೇ ಮೆಸೇಜನ್ನು ಮತ್ತೆ ಹಾಕಿ ‘ಇದು ಸುಳ್ಳು’ ಅನ್ನಲೂ ಬಿಡಲಿಲ್ಲ, ಹಾಗೆ ಮಾಡಿದರೆ ನೋಡದವರಿಗೂ ಅದು ತಲುಪುತ್ತದೆ. ನಿಮಿಷವೂ ಇಲ್ಲದ ಒಂದು ವಾಯ್ಸ್ ಮೆಸೇಜ್ ಕಳಿಸಿದರು: ತಾವು ಯಾರು, ಯಾವ ಭಾಗದ ಬಿಎಲ್‌ಒ; ಯಾರ ಲಿಂಕೂ ಒತ್ತಬೇಡಿ, ಚುನಾವಣಾ ಆಯೋಗದ ಆ್ಯಪ್ ನೀವೇ ಹಾಕಿಕೊಳ್ಳಿ; ಒಟಿಪಿ ನಾನು ಕೇಳಿದರೂ ಕೊಡಬೇಡಿ; ನಂಬಿಕೆ ಬರದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಇಲ್ಲ ಅಂಗನವಾಡಿಗೇ ಬನ್ನಿ. ಮಧ್ಯರಾತ್ರಿ ದಾಟಿದರೂ ತಾಯಂದಿರ ಫೋನ್ ಎತ್ತುತ್ತ ಕೂತಿದ್ದರು. ಪೋಲಿಯೋ ಹನಿ ಹಾಕಿಸಿದ ಟೀಚರ್ ದನಿ ಎಲ್ಲ ಮನೆಗೂ ಗೊತ್ತು. ಬಿಟ್ಟುಹೋದವರಲ್ಲಿ ಹಲವರು ಬೆಳಗ್ಗೆ ವಾಪಸ್ ಬಂದರು.

17 ತುಂಬಿದವರು ಈಗಲೇ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಇವುಗಳಲ್ಲಿ ಯಾವ ತಾರೀಖಿಗೆ 18 ತುಂಬಿರುತ್ತದೋ ಅದಕ್ಕೆ ಪರಿಗಣಿಸುತ್ತಾರೆ. ಗ್ರೂಪ್ ತೆರೆದೇ ಇದೆ, ಅನುಮಾನ ಅಲ್ಲೇ ಹಾಕಿ. ರಾತ್ರಿ ಒಂಬತ್ತರ ಮೇಲೆ ಮಾತ್ರ ದಯವಿಟ್ಟು ಟೀಚರಿಗೆ ಫೋನ್ ಮಾಡಬೇಡಿ.