ಅಜ್ಜಿ ಹೋದ ದಿನ ನೀನು ಅಳಲಿಲ್ಲ ಅಂದಿದ್ದೆ

ಪುಟ್ಟೀ,

ನಿನ್ನೆ ಫೋನ್ ಇಟ್ಟವಳು ಮತ್ತೆ ಎತ್ತಲೇ ಇಲ್ಲ. ತುಟಿಯೊಳಗಿನ ಚೂರು ತೆಗೆದ ಹೊಲಿಗೆ ಇನ್ನೂ ನೋಯುತ್ತಿರುವಾಗ ಬಯಾಪ್ಸಿ ರಿಪೋರ್ಟ್ ಓದಿ, ಕಣ್ಣು ಬಾಯಿ ಒಣಗುತ್ತಿರುವುದು ಶೋಗ್ರೆನ್ಸ್ ಅನ್ನುವ ಕಾಯಿಲೆಯಿಂದ ಅಂತ ಹೇಳಿದೆ ನೀನು. ನಾನು "ಹೊತ್ತುಹೊತ್ತಿಗೆ ನೀರು ಕುಡಿದಿದ್ದರೆ ಹೀಗಾಗುತ್ತಿತ್ತಾ" ಅಂದುಬಿಟ್ಟೆ. ತಪ್ಪಾಯಿತು. ರಾತ್ರಿಯೆಲ್ಲ ಕೂತು ಓದಿದೆ. ನೀರು ಕುಡಿಯದ್ದಕ್ಕೆ ಬರುವ ಕಾಯಿಲೆಯಲ್ಲ ಈ ಶೋಗ್ರೆನ್ಸ್. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳೊಳಗೆ ಗುಂಪುಕಟ್ಟಿ ಅವನ್ನು ಹಾಳುಮಾಡುತ್ತವಂತೆ. ಈ ಕಾಯಿಲೆಯವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ತನ್ನ ಪ್ರಬಂಧದಲ್ಲಿ ಬರೆದದ್ದೂ 19 ಹೆಂಗಸರ ಬಗ್ಗೆ. ಅವರಿಗೆಲ್ಲ ಮನೆಯಲ್ಲಿ ಏನೇನು ಅಂದಿದ್ದರೋ.

ಅದಕ್ಕಿಂತ ನನ್ನನ್ನು ಕೊರೆಯುತ್ತಿರುವುದು ಅಜ್ಜಿ ಹೋದ ದಿನದ ಮಾತು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಕಣ್ಣು ಕೆಂಡದ ಹಾಗೆ, ಒಂದು ಹನಿ ಇಲ್ಲ. ರೆಪ್ಪೆ ಉಜ್ಜುತ್ತಲೇ ಇದ್ದೆ. ಎಲ್ಲರೆದುರು "ಎತ್ತಿ ಆಡಿಸಿದವಳಿಗೆ ಎರಡು ಹನಿ ಕಣ್ಣೀರಿಲ್ಲವೇನೇ ನಿನ್ನ ಹತ್ತಿರ?" ಅಂದೆ. "ಉರೀತಿದೆ ಅಮ್ಮ, ಮರಳು ಬಿದ್ದ ಹಾಗೆ" ಅಂದೆ ನೀನು. ನಾನು ಮುಖ ತಿರುಗಿಸಿದೆ.

ಹೋದ ತಿಂಗಳು ಡಾಕ್ಟರ್ ನಿನ್ನ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟಾಗ ಪಕ್ಕದಲ್ಲೇ ಕೂತಿದ್ದೆ. ಐದು ಮಿಲಿಮೀಟರೂ ಒದ್ದೆಯಾಗದಿದ್ದರೆ ಕಣ್ಣು ಒಣಗಿದೆಯೆಂದು ಲೆಕ್ಕ. ನಿನ್ನದು ಎರಡಕ್ಕೆ ನಿಂತಿತು. ಆ ಎರಡು ಗೆರೆ ನೋಡುತ್ತಿದ್ದ ಹಾಗೇ ಆ ಬಾಗಿಲು, ರೆಪ್ಪೆ ಉಜ್ಜುತ್ತಿದ್ದ ನಿನ್ನ ಕೈ ಕಣ್ಣಮುಂದೆ ಬಂತು. ನೀನು ಅವತ್ತು ಅಳುತ್ತಲೇ ಇದ್ದೆ, ನನಗೆ ಕಾಣಲಿಲ್ಲ. ಅಲ್ಲೇ ಹೇಳಬೇಕಿತ್ತು. "ನಡಿ, ಮನೆಗೆ ಹೋಗೋಣ" ಅಂದೆ ಅಷ್ಟೆ.

ಸುಸ್ತು ಅಂದಾಗಲೆಲ್ಲ ಸೋಮಾರಿ ಅಂದಿದ್ದೇನೆ. ಅದೂ ಈ ಕಾಯಿಲೆಯದೇ ಅಂತೆ.

ಪ್ರಿಸರ್ವೇಟಿವ್ ಇಲ್ಲದ ಕಣ್ಣಿನ ಹನಿ ಬ್ಯಾಗಿನಲ್ಲೇ ಇರಲಿ. ನೆಗಡಿಗೆಂದು ನೀನೇ ಅಲರ್ಜಿ ಮಾತ್ರೆ ನುಂಗಬೇಡ, ಬಾಯಿ ಇನ್ನೂ ಒಣಗುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ಹಲ್ಲಿನ ಡಾಕ್ಟರನ್ನು ತಪ್ಪಿಸಬೇಡ. ಕಿವಿಯ ಕೆಳಗೆ ಊತ ಬಂದು ಇಳಿಯದಿದ್ದರೆ ಅವತ್ತೇ ತೋರಿಸು. ಅಪರೂಪಕ್ಕೆ ಅದು ಲಿಂಫೋಮಾ ಅನ್ನುವ ಕ್ಯಾನ್ಸರ್ ಆಗುವುದುಂಟು. ರಕ್ತದಲ್ಲಿ 'ಆಂಟಿ ರೋ' ಅನ್ನುವ ಪ್ರತಿಕಾಯ ಪಾಸಿಟಿವ್ ಅಂದೆಯಲ್ಲ, ಮುಂದೆ ಮಗು ಬೇಕೆನ್ನಿಸಿದರೆ ಮೊದಲೇ ಡಾಕ್ಟರಿಗೆ ಹೇಳು. ಹೊಟ್ಟೆಯಲ್ಲಿರುವ ಕೂಸಿನ ಎದೆಬಡಿತ ನಿಧಾನವಾಗುವ ಸಂಭವ ನೂರಕ್ಕೆ ಒಂದೆರಡು, ಆದರೂ ಹೇಳು. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬಳೇ ಹೋಗಿ ತುಟಿ ಕೊಯ್ಯಿಸಿಕೊಂಡು ಬಂದವಳು ನೀನು. ನನಗೆ ಆ ಧೈರ್ಯ ಇರಲಿಲ್ಲ.

ಭಾನುವಾರ ಬರುತ್ತೇನೆ. ಬಾಗಿಲು ತೆಗೆದರೆ ಸಾಕು, ಮಾತಾಡಲೇಬೇಕೆಂದಿಲ್ಲ.

ನಿನ್ನ
ಅಮ್ಮ