ಹಳೆಯ ತೈಲಚಿತ್ರಗಳನ್ನು ಸೋಪಿನ ನೀರಿನಲ್ಲಿ ತೊಳೆಯಬೇಡಿ

ಮಾನ್ಯ ಸಂಪಾದಕರೇ,

ನನ್ನ ಅಜ್ಜ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ಬರೆಯುವ ಗುಮಾಸ್ತ) ಆಗಿದ್ದರು. ತೋಟದ ದೊರೆಗಳು ಬಂಗಲೆಯ ಸಾಮಾನು ಹರಾಜು ಹಾಕಿ ತಮ್ಮ ದೇಶಕ್ಕೆ ಹೊರಟಾಗ ಅಜ್ಜ ಕೊಂಡು ತಂದ ತೈಲವರ್ಣಚಿತ್ರವೊಂದು ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿದೆ. ಕಲ್ಲಿನ ಕಟ್ಟೆಯ ಮೇಲೆ ಮಲಗಿಸಿದ ಒಂದು ಸತ್ತ ಬಾತು, ಕಾಲಿಗೆ ದಾರ ಕಟ್ಟಿ ಮೊಳೆಗೆ ಇಳಿಬಿಟ್ಟ ಎರಡು ಕೌಜುಗ, ಇಷ್ಟೇ ಅದರ ವಸ್ತು. ಕಳೆದ ಮಳೆಗಾಲದಲ್ಲಿ ಬೂಸಲು ಹಿಡಿದ ಅದನ್ನು ಚೌಕಟ್ಟು ಹಾಕುವವರೊಬ್ಬರಿಗೆ ಕೊಟ್ಟೆ. ಅವರು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದರು. ಹಿನ್ನೆಲೆಯೇನೋ ಬೆಳಗಾಯಿತು, ಆದರೆ ಕೌಜುಗಗಳ ಎದೆಯ ಗರಿಗಳು ಅಳಿಸಿಹೋದವು. ಅದನ್ನು ನೋಡಿದಾಗಲೆಲ್ಲ ಕರುಳು ಚುರುಕ್ಕೆನ್ನುತ್ತದೆ.

ಗರಿಯ ಹೊಳಪು ಚಿತ್ರಕಾರ ಕಟ್ಟಕಡೆಗೆ ತೀರ ತೆಳುವಾಗಿ ಹಚ್ಚಿದ ಬಣ್ಣದಲ್ಲಿರುತ್ತದೆ. ಕ್ಯಾನ್ವಾಸ್ ಬಟ್ಟೆ ನಮ್ಮ ಮಳೆಗಾಲದ ತೇವ ಹೀರಿ, ಬೇಸಿಗೆಯಲ್ಲಿ ಒಣಗಿ, ವರ್ಷವರ್ಷವೂ ಸಡಿಲಗೊಂಡು ಬಿಗಿಯುತ್ತಿರುವಾಗ, ಅಗಸೆ ಎಣ್ಣೆಯಲ್ಲಿ ಗಟ್ಟಿಯಾದ ಬಣ್ಣ ಅದರೊಡನೆ ಬಾಗಲಾರದೆ ಬಿರಿಯುತ್ತದೆ. ತೊಳೆದ ನೀರು ಆ ಬಿರುಕಿಗಿಳಿದು ಬಣ್ಣವನ್ನೇ ಎಬ್ಬಿಸಿಬಿಡುತ್ತದೆ. ನಾವು ಕೊಳೆಯೆಂದು ತಿಳಿಯುವ ಹಳದಿ ಛಾಯೆ ಎಷ್ಟೋ ಸಲ ಮುಪ್ಪಾದ ವಾರ್ನಿಷ್. ಅದನ್ನು ತೆಗೆಯುವುದು ಪರಿಣತರ ಕೆಲಸ.

ಸತ್ತ ಹಕ್ಕಿಯ ಚಿತ್ರ ಮನೆಗೆ ಒಳ್ಳೆಯದಲ್ಲವೆಂದು ಅಟ್ಟಕ್ಕೆ ಹಾಕಿದವರನ್ನೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಹೆದರಿ ಬಚ್ಚಿಟ್ಟವರನ್ನೂ ಬಲ್ಲೆ. ಆ ಕಾಯ್ದೆಯ ನಿರ್ಬಂಧ ಚರ್ಮ, ಕೊಂಬುಗಳಂಥ ನಿಜವಾದ ಪ್ರಾಣಿಭಾಗಗಳಿಗೆ. ಬಣ್ಣದಲ್ಲಿ ಬರೆದ ಹಕ್ಕಿಗಲ್ಲ. ಇಟಲಿಯ ಚಿತ್ರಕಾರ ಯಾಕೊಪೊ ದೆ ಬಾರ್ಬರಿ 1504ರಲ್ಲಿ ಕಬ್ಬಿಣದ ಕೈಗವಸುಗಳ ಜೊತೆ ಬರೆದ ಕೌಜುಗ ಇಂದು ಮ್ಯೂನಿಕ್ ನಗರದ ಸಂಗ್ರಹಾಲಯದಲ್ಲಿದೆ. ಮುಂದೆ 17ನೇ ಶತಮಾನದಲ್ಲಿ ಹಾಲೆಂಡಿನ ವಿಲೆಮ್ ಫಾನ್ ಆಲ್ಸ್ಟ್, ಯಾನ್ ವೀನಿಕ್ಸ್ ಸತ್ತ ಹಕ್ಕಿಗಳ ಇಂಥ ಚಿತ್ರಣವನ್ನೇ ದೊಡ್ಡ ಕಲೆಯಾಗಿ ಬೆಳೆಸಿದರು. ನಮ್ಮ ಮನೆಯ ಚಿತ್ರ ಅಂಥ ದೊಡ್ಡವರದಲ್ಲ. ಆದರೂ ಒಂದೊಂದು ಗರಿಯನ್ನೂ ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣಿಗೆ ಹಕ್ಕಿಯ ಮೇಲೆ ಪ್ರೀತಿಯಿರಲಿಲ್ಲವೆಂದು ನಾನು ಒಪ್ಪಲಾರೆ.

ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯದ ತಜ್ಞರನ್ನು ಕರೆಸಿ, ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಎರಡು ದಿನ ಸಲಹಾ ಶಿಬಿರ ನಡೆಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಇಂಥ ಚಿತ್ರವಿರುವವರು ಅದನ್ನು ಇರಚಲು ಹೊಡೆಯುವ ಗೋಡೆಗೂ ಒಲೆಯ ಹೊಗೆ ತಾಗುವಲ್ಲಿಗೂ ತೂಗುಹಾಕದೆ, ಚೌಕಟ್ಟಿನ ಹಿಂದೆ ಗಾಳಿಯಾಡಲು ಸಣ್ಣ ಬಿರಡೆ (ಕಾರ್ಕ್) ತುಂಡುಗಳನ್ನಿಡಲಿ. ಬಣ್ಣ ಎದ್ದಿದ್ದರೆ ಮುಖ ಮೇಲಾಗಿ ಮಲಗಿಸಿಡಲಿ, ಒದ್ದೆ ಬಟ್ಟೆ ಮಾತ್ರ ಮುಟ್ಟಿಸದಿರಲಿ.

– ಓದುಗ, ತೀರ್ಥಹಳ್ಳಿ