ಅನ್ನನಾಳದ ಬಯಾಪ್ಸಿಗೆ ಇನ್ನು ಎರಡು ಬಣ್ಣ

ನಮ್ಮ ಲ್ಯಾಬಿಗೆ ಬಯಾಪ್ಸಿ ಕಳಿಸುವ ಡಾಕ್ಟರುಗಳಿಗೂ ರಿಪೋರ್ಟಿಗಾಗಿ ಕಾಯುವ ಮನೆಯವರಿಗೂ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಒಂದು ಬದಲಾವಣೆ ಇದೆ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಿಂದ ತೆಗೆದ ಎಲ್ಲ ತುಣುಕುಗಳಿಗೂ ಮಾಮೂಲಿ ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೋಸಿನ್) ಬಣ್ಣದ ಜೊತೆಗೆ, ಲೋಳೆಯನ್ನು ಎದ್ದು ಕಾಣಿಸುವ ಆಲ್ಷಿಯನ್ ಬ್ಲೂ ಪಿಎಎಸ್ ಬಣ್ಣವನ್ನೂ ಹಾಕುತ್ತೇವೆ. ರಿಪೋರ್ಟ್ ಒಂದು ದಿನ ತಡವಾಗುತ್ತದೆ. ದರ ಮೊದಲಿನಷ್ಟೇ.

ವರ್ಷಗಟ್ಟಲೆ ಹುಳಿತೇಗು, ಎದೆಯುರಿ ಇದ್ದ ಕೆಲವರಲ್ಲಿ ಅನ್ನನಾಳದ ಒಳಪದರ ಕರುಳಿನ ಪದರದಂತೆ ಬದಲಾಗುತ್ತದೆ. ಇದೇ ಬ್ಯಾರೆಟ್ ಅನ್ನನಾಳ. ಹೆಚ್ಚಿನವರಿಗೆ ಇದರಿಂದ ಕ್ಯಾನ್ಸರ್ ಬರುವುದಿಲ್ಲ. ಆದರೆ ಕೆಲವರಿಗೆ ಬರಬಹುದು, ಅದಕ್ಕೇ ಆಗಾಗ ಎಂಡೋಸ್ಕೋಪಿ ಮಾಡಿ ನೋಡುತ್ತಿರಬೇಕು. ಸ್ಲೈಡಿನಲ್ಲಿ ನಾವು ಹುಡುಕುವುದು ಗಾಬ್ಲೆಟ್ ಕೋಶವನ್ನು, ಅಂದರೆ ಕರುಳಿನಲ್ಲಿರುವಂಥ, ಲೋಳೆ ತುಂಬಿದ ಬಟ್ಟಲಿನಾಕಾರದ ಕೋಶವನ್ನು. ತೊಂದರೆ ಏನೆಂದರೆ, ಹೊಟ್ಟೆಯ ಸಾಧಾರಣ ಲೋಳೆಕೋಶ ಊದಿಕೊಂಡರೂ ಎಚ್ ಅಂಡ್ ಇಯಲ್ಲಿ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ.

ಕಳೆದ ವರ್ಷ ನಾವೇ ಹೀಗೆ ಎಡವಿದೆವು. ಒಬ್ಬರ ರಿಪೋರ್ಟಿನಲ್ಲಿ ಬ್ಯಾರೆಟ್ ಎಂದು ಬರೆದು ಕೊಟ್ಟೆವು. ಅನುಮಾನ ಬಂದು ಅದೇ ಬ್ಲಾಕಿನಿಂದ (ತುಣುಕನ್ನು ಕೂರಿಸಿಟ್ಟ ಮೇಣದ ಗಟ್ಟಿ) ಇನ್ನೊಂದು ಸ್ಲೈಡ್ ಮಾಡಿ ಈ ಬಣ್ಣ ಹಾಕಿದರೆ, ಬ್ಯಾರೆಟ್ ಅಲ್ಲ! ಅಷ್ಟರಲ್ಲಿ ಆ ಮನೆಯವರು ಒಂದು ವಾರ ನಿದ್ದೆಗೆಟ್ಟಿದ್ದರು. ಅವರ ಕ್ಷಮೆ ಕೇಳಿದ್ದೇವೆ. ಈ ಬದಲಾವಣೆಗೆ ಕಾರಣವೂ ಅದೇ.

2.5 ಪಿಎಚ್‌ನ ಆಲ್ಷಿಯನ್ ಬ್ಲೂ, ಗಾಬ್ಲೆಟ್ ಕೋಶದ ಆಮ್ಲೀಯ ಲೋಳೆಯನ್ನು ಗಾಢ ನೀಲಿ ಮಾಡುತ್ತದೆ. ಹೊಟ್ಟೆಯ ಲೋಳೆ ಪಿಎಎಸ್‌ನಿಂದ ಕಡುಗುಲಾಬಿ ಆಗುತ್ತದೆ. ಊದಿದ ಕೋಶವೂ ಕೆಲವು ಸಲ ತಿಳಿ ನೀಲಿ ಹಿಡಿಯುತ್ತದೆ. ಹಾಗಾಗಿ ಸುಮ್ನೆ ನೀಲಿ ಕಂಡಿತು ಎಂದು ಬರೆಯುವುದಿಲ್ಲ, ಕೋಶದ ಆಕಾರವನ್ನೂ ನೋಡುತ್ತೇವೆ.

ಹೊಟ್ಟೆಯ ಮೇಲ್ತುದಿಯಲ್ಲೂ ಗಾಬ್ಲೆಟ್ ಕೋಶ ಹುಟ್ಟಬಹುದು. ಅಲ್ಲಿ ಕಾರಣ ಹಲವು ಸಲ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ. ಎರಡೂ ಕಡೆ ಬಣ್ಣ ಒಂದೇ ನೀಲಿ, ಚಿಕಿತ್ಸೆಯ ದಾರಿ ಬೇರೆ. ಇವೆರಡನ್ನು ಬೇರ್ಪಡಿಸಲು ಸೈಟೋಕೆರಾಟಿನ್ 7 ಮತ್ತು 20 ಎಂಬ, ಕೋಶದೊಳಗಿನ ಎರಡು ಪ್ರೋಟೀನುಗಳ ಪರೀಕ್ಷೆ ಸಾಕು ಎಂದು 1999ರ ಹೊತ್ತಿಗೆ ತುಂಬಾ ಭರವಸೆ ಇತ್ತು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ಥರ ಬರಲಿಲ್ಲ. ಖರ್ಚೂ ಜಾಸ್ತಿ. ಇನ್ನು ಆ ಪರೀಕ್ಷೆಯನ್ನು ನಾವಾಗಿ ಸೂಚಿಸುವುದಿಲ್ಲ.

ಡಾಕ್ಟರೇ, ಇಲ್ಲಿ ನಿಮ್ಮ ಸಹಾಯ ಬೇಕೇ ಬೇಕು. ತುಣುಕು ಮುಂದಿನ ಹಲ್ಲಿನಿಂದ ಎಷ್ಟು ಸೆಂಟಿಮೀಟರ್ ಕೆಳಗಿನದು, ಹೊಟ್ಟೆಯ ಮಡಿಕೆಗಳಿಗಿಂತ ಮೇಲಿನದೋ ಕೆಳಗಿನದೋ ಎಂದು ಫಾರಂನಲ್ಲಿ ಬರೆಯಿರಿ. ಅನ್ನನಾಳದ್ದು, ಹೊಟ್ಟೆಯದು ಒಂದೇ ಬಾಟಲಿಗೆ ಹಾಕಬೇಡಿ. ಬೆರೆತ ಮೇಲೆ ಯಾವುದು ಎಲ್ಲಿಯದೆಂದು ನಮಗೆ ತಿಳಿಯುವುದಿಲ್ಲ.

ಹಳೆಯ ರಿಪೋರ್ಟಿನ ಬಗ್ಗೆ ಅನುಮಾನವಿದ್ದರೆ ಕೇಳಿ. ಬ್ಲಾಕ್ ನಮ್ಮಲ್ಲೇ ಇದ್ದರೆ ಹೊಸ ಬಣ್ಣ ಹಾಕಿ ನೋಡಿಕೊಡುತ್ತೇವೆ. ಅದಕ್ಕೆ ದುಡ್ಡು ಬೇಡ.

ಇಂತಿ,
ನಿಮ್ಮ ಲ್ಯಾಬಿನ ಬಳಗ